ಒಂದೇ ರೂಟರ್ ಹಿಂದೆ ಮೂರು ಸರ್ವರ್: 443ನೇ ಪೋರ್ಟ್ ಯಾರಿಗೆ?

ಪ್ರಶ್ನೆ: ಕಪನೂರಿನಾಗ ನಮ್ಮದೊಂದು ಸಣ್ಣ ದಾಲ್ ಮಿಲ್ ಅದ. ಕಲಬುರಗಿ ಮನ್ಯಾಗ ಹಳೇ ಕಂಪ್ಯೂಟರ್ ಸರ್ವರ್ ಮಾಡಿಟ್ಟೀನಿ. ಒಂದರಾಗ ತೊಗರಿಬೇಳೆ ದರ ತೋರಿಸೋ ವೆಬ್‌ಸೈಟ್, ಇನ್ನೊಂದರಾಗ ಮಿಲ್ಲಿನ ಲೆಕ್ಕ. ಜೊತೆಗೆ ಸಿಸಿಟಿವಿ ಡಿವಿಆರ್. ಪೋರ್ಟ್ ಫಾರ್ವರ್ಡ್ ಹಾಕಿದರೂ ಹೊರಗಿಂದ ಒಂದೂ ತೆರೆಯವಲ್ದು. ಅದೂ ಅಲ್ದ 443 ಒಂದಕ್ಕೇ ಕೊಡಲಿಕ್ಕೆ ಬರ್ತದ. ಮೂರೂ ಸಿಗಬೇಕಂದ್ರ ಏನ್ ಮಾಡಬೇಕ್ರಿ?
– ಓದುಗರು, ಕಲಬುರಗಿ

ಉತ್ತರ: ನಿಮ್ಮದು ಎರಡು ಬೇರೆಬೇರೆ ತೊಡಕು. ಪೋರ್ಟ್ ಎಂದರೆ ಹೊರಗಿನ ಕೋರಿಕೆ ಬರುವ, ಸಂಖ್ಯೆ ಹಾಕಿದ ಬಾಗಿಲು. ಸುರಕ್ಷಿತ ವೆಬ್‌ಸೈಟುಗಳ (ಎಚ್‌ಟಿಟಿಪಿಎಸ್) ಬಾಗಿಲು 443. ಆ ಬಾಗಿಲಿಗೆ ಬಂದ ಕೋರಿಕೆಯನ್ನು ರೂಟರ್ ಒಳಗಿನ ಒಂದು ಯಂತ್ರಕ್ಕೆ ದಾಟಿಸುವುದೇ ಪೋರ್ಟ್ ಫಾರ್ವರ್ಡ್.

ಒಂದೂ ತೆರೆಯದಿರುವುದನ್ನು ಮೊದಲು ನೋಡೋಣ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ, ಅಂದರೆ ರೂಟರಿಗೆ ಹೊರಗಿನ ಕಡೆಯಿಂದ ಸಿಕ್ಕ ವಿಳಾಸ, ಎಷ್ಟಿದೆ? ಅದು 100.64ರಿಂದ 100.127ರೊಳಗಿನ ಸಂಖ್ಯೆಯಾಗಿದ್ದರೆ ಇಂಟರ್‌ನೆಟ್ ಕಂಪನಿ ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಇದಕ್ಕೆ ಸಿಜಿ-ನ್ಯಾಟ್ ಎನ್ನುತ್ತಾರೆ. ಆಗ ನಿಮ್ಮ ರೂಟರಿನಲ್ಲಿ ಏನೇ ಫಾರ್ವರ್ಡ್ ಹಾಕಿದರೂ ಹೊರಗಿನ ಕೋರಿಕೆ ಮನೆಯ ತನಕ ಬರುವುದೇ ಇಲ್ಲ. ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಪಬ್ಲಿಕ್ ವಿಳಾಸ, ಕೇಳಿ ಪಡೆಯಿರಿ, ಅದಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕವಿರುತ್ತದೆ. ವ್ಯಾನ್ ಐಪಿ 192.168ರಿಂದ ಶುರುವಾಗಿದ್ದರೆ ಮುಂದೆ ಇನ್ನೊಂದು ರೂಟರ್ ಕೂತಿರುತ್ತದೆ. ಬಹಳ ಸಲ ಅದು ಫೈಬರ್ ಡಬ್ಬಿಯೇ. ಫಾರ್ವರ್ಡ್ ಅದರಲ್ಲೂ ಹಾಕಬೇಕು.

ಇನ್ನು 443ರ ಮಾತು. ಒಂದು ಪೋರ್ಟನ್ನು ರೂಟರ್ ಒಂದೇ ಯಂತ್ರಕ್ಕೆ ಕಳಿಸಬಲ್ಲದು, ನಿಜ. ಆದರೆ ಬ್ರೌಸರ್ ಬರೀ ವಿಳಾಸ ಹಿಡಿದು ಬರುವುದಿಲ್ಲ, ತನಗೆ ಬೇಕಾದ ಸೈಟಿನ ಹೆಸರನ್ನೂ ಹೇಳುತ್ತದೆ. ವಾಡೆಯ ಅಗಸಿಯಲ್ಲಿ ನಿಂತ ಕಾವಲುಗಾರ ಬಂದವರ ಮಾತು ಕೇಳಿ ಆಯಾ ಪಡಸಾಲೆಗೆ ಕಳಿಸಿದ ಹಾಗೆ, ಆ ಹೆಸರು ನೋಡಿ ಸರಿಯಾದ ಸರ್ವರಿಗೆ ದಾಟಿಸುವ ತಂತ್ರಾಂಶವೇ ರಿವರ್ಸ್ ಪ್ರಾಕ್ಸಿ. ಎಂಜಿನ್‌ಎಕ್ಸ್ ಎಂಬ ರಿವರ್ಸ್ ಪ್ರಾಕ್ಸಿಯನ್ನು ಹೆಚ್ಚು ಜನ ಬಳಸುತ್ತಾರೆ. ಹೊಸಬರಿಗೆ ನಾನು ಹೇಳುವುದು ಕ್ಯಾಡಿ, ಏಕೆಂದರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟನ್ನು ಅದೇ ತಂದು ಅದೇ ನವೀಕರಿಸುತ್ತದೆ. 80 (ಮಾಮೂಲಿ ವೆಬ್‌ಸೈಟಿನ ಪೋರ್ಟ್) ಮತ್ತು 443 ಎರಡನ್ನೂ ಈ ಪ್ರಾಕ್ಸಿ ಇರುವ ಯಂತ್ರಕ್ಕೆ ಕೊಡಿ. ಒಂದೊಂದು ಸೈಟಿಗೂ ಒಂದೊಂದು ಉಪ-ಡೊಮೇನ್ (ನಿಮ್ಮ ಸೈಟಿನ ಹೆಸರಿನ ಮುಂದೆ ಸೇರಿಸುವ ಹೆಸರು) ಮಾಡಿ, ಎಲ್ಲವೂ ಮನೆಯ ಅದೇ ವಿಳಾಸ ತೋರಿಸಲಿ. ವಿಳಾಸ ಆಗಾಗ ಬದಲಾಗುವುದಾದರೆ, ಹೆಸರು ಹೊಸ ವಿಳಾಸವನ್ನೇ ತೋರಿಸುವಂತೆ ನೋಡಿಕೊಳ್ಳುವ ಡೈನಾಮಿಕ್ ಡಿಎನ್‌ಎಸ್ ಬೇಕು. ಸರ್ವರುಗಳ ಒಳಗಿನ ಐಪಿಯನ್ನು, ಒಂದು ಯಂತ್ರಕ್ಕೆ ಯಾವಾಗಲೂ ಒಂದೇ ವಿಳಾಸ ಕಾಯ್ದಿಡುವ ರೂಟರಿನ ಡಿಎಚ್‌ಸಿಪಿ ರಿಸರ್ವೇಶನ್‌ನಲ್ಲಿ ಕಟ್ಟಿಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ದಿನ ಸರ್ವರಿನ 192.168.1.20 ವಿಳಾಸ ಇನ್ನಾರದೋ ಮೊಬೈಲಿನ ಪಾಲಾಗಿರುತ್ತದೆ. ದೂರದಿಂದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ ಮಾತ್ರ ಈ ಉಪಾಯ ನಡೆಯದು. ಅದು ಹೆಸರು ಹೇಳುವುದಿಲ್ಲ.

ಆದರೆ ಮೂರೂ ಹೊರಗೆ ಸಿಗಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ. ದರದ ಪುಟ ವ್ಯಾಪಾರಿಗಳಿಗೆ ಬೇಕು, ಸರಿ. ಲೆಕ್ಕ ನಿಮಗೆ ಮತ್ತು ಮುನೀಮರಿಗೆ ಸಾಕು. ಡಿವಿಆರನ್ನಂತೂ ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಲೇಬೇಡಿ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರುಗಳನ್ನೇ ಹಿಡಿದು ದೊಡ್ಡ ದೊಡ್ಡ ಸೈಟುಗಳನ್ನು ಕೆಡವಿತು. ಲೆಕ್ಕ, ಡಿವಿಆರ್ ಎರಡಕ್ಕೂ ವಿಪಿಎನ್, ಅಂದರೆ ನಿಮಗಷ್ಟೇ ತೆರೆಯುವ ಗುಪ್ತ ದಾರಿ, ಹಾಕಿಕೊಳ್ಳಿ. ಪಬ್ಲಿಕ್ ಐಪಿ ಇದ್ದರೆ ವೈರ್‌ಗಾರ್ಡ್ ಸಾಕು, ಸಿಜಿ-ನ್ಯಾಟ್ ಹಿಂದಿದ್ದರೆ ಟೇಲ್‌ಸ್ಕೇಲ್ ಕೆಲಸ ಮಾಡುತ್ತದೆ. ಅಂದಹಾಗೆ, ಯಾರಾದರೂ 'ಡಿಎಂಜೆಡ್ ಆನ್ ಮಾಡ್ರಿ, ಎಲ್ಲಾ ಸರಿ ಹೋಗ್ತದ' ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಅದು ಒಂದು ಯಂತ್ರವನ್ನು ಪೂರ್ತಿ ಬಯಲಿಗೆ ಬಿಟ್ಟಂತೆ.

ಪರೀಕ್ಷೆ ಮಾಡುವಾಗ ವೈಫೈ ಆರಿಸಿ ಮೊಬೈಲ್ ಡೇಟಾದಿಂದ ನೋಡಿ. ಮನೆಯೊಳಗಿಂದ ತನ್ನದೇ ಪಬ್ಲಿಕ್ ವಿಳಾಸ ತೆರೆಯಲು ಕೆಲವು ರೂಟರುಗಳಿಗೆ ಬರುವುದಿಲ್ಲ. ಯುಪಿಎಸ್ ಸರ್ವರಿಗಷ್ಟೇ ಅಲ್ಲ, ರೂಟರಿಗೂ ಫೈಬರ್ ಡಬ್ಬಿಗೂ ಇರಲಿ. ಕರೆಂಟ್ ಬಂದೊಡನೆ ಸರ್ವರ್ ತಾನೇ ಶುರುವಾಗುವಂತೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ನಲ್ಲಿ ಹೇಳಿಡಿ. ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಹಳೆಯ ಕಂಪ್ಯೂಟರನ್ನು ಅಟ್ಟದ ಮೇಲಿಡಬೇಡಿ. ಇಷ್ಟೆಲ್ಲ ನೋಡಿಕೊಳ್ಳಲು ಪುರುಸೊತ್ತಿಲ್ಲವೆಂದರೆ ದರದ ಪುಟವೊಂದನ್ನು ಬಾಡಿಗೆ ಹೋಸ್ಟಿಂಗಿಗೆ ಸಾಗಿಸಿಬಿಡಿ. ಆಗ ಮನೆಯ ರೂಟರಿನಲ್ಲಿ 443 ತೆರೆಯುವ ಅಗತ್ಯವೇ ಇರುವುದಿಲ್ಲ.