ನಿಮ್ಮ ಲೇಖನದ ನಾಲ್ಕನೇ ಆಕರ ಎಲ್ಲೂ ಸಿಗಲಿಲ್ಲ

ನಮಸ್ಕಾರ,

ಕಾಲೇಜು ಅಸೈನ್‌ಮೆಂಟ್‌ಗಳಲ್ಲಿ ಎಐ ಅನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಮೊದಲ ಎರಡು ಪುಟ ಬರೀ ಉಪದೇಶ. 'ಪ್ರಾಮಾಣಿಕವಾಗಿರಿ' ಅಂತ ಏಳು ಕಡೆ ಬರೆದಿದ್ದೀರಿ. ನಾಳೆ ಬೆಳಗ್ಗೆ ಅಸೈನ್‌ಮೆಂಟ್ ಕೊಡಬೇಕಾದ ಹುಡುಗಿಗೆ ಅದು ಬೇಕಿಲ್ಲ. ಚಾಟ್‌ಜಿಪಿಟಿ ಹತ್ತಿರ ಒಂದು ಪ್ಯಾರಾ ತಿದ್ದಿಸಿಕೊಂಡೆ, ಅದನ್ನು ಎಲ್ಲಿ, ಹೇಗೆ ಬರೆಯಲಿ? ಇದು ಅವಳ ಪ್ರಶ್ನೆ. ನಿಮ್ಮಲ್ಲಿ ಇದಕ್ಕೆ ಇರುವುದು ಒಂದೇ ಸಾಲು, ಅದೂ ತಪ್ಪು. ಆಕರಗಳನ್ನು ಹೇಗೆ ಬರೆಯಬೇಕು ಅಂತ ಹೇಳುವ ಎಪಿಎ, ಎಂಎಲ್‌ಎ ಅನ್ನುವ ಎರಡು ಪದ್ಧತಿಗಳೂ ಎಐ ಅನ್ನು ಲೇಖಕ ಅಂತ ಹಾಕಲು ಹೇಳುತ್ತವೆ ಅಂದಿದ್ದೀರಿ. ಎಪಿಎಯಲ್ಲಿ ಲೇಖಕರ ಜಾಗಕ್ಕೆ ಬರುವುದು ಅದನ್ನು ಮಾಡಿದ ಕಂಪನಿ, ಚಾಟ್‌ಜಿಪಿಟಿಗಾದರೆ ಓಪನ್‌ಎಐ. ಎಂಎಲ್‌ಎ ಅಂತೂ ಎಐಯನ್ನು ಲೇಖಕ ಮಾಡಲೇಬೇಡಿ ಅನ್ನುತ್ತದೆ. ಅಲ್ಲಿ ನೀವು ಕೇಳಿದ ಪ್ರಶ್ನೆಯೇ ಶೀರ್ಷಿಕೆಯ ಜಾಗದಲ್ಲಿ ಬರುತ್ತದೆ, ಆಮೇಲೆ ಟೂಲ್‌ನ ಹೆಸರು, ವರ್ಷನ್, ಕಂಪನಿ, ತಾರೀಖು. ಇವೆಲ್ಲಕ್ಕಿಂತ ಮೊದಲು ಆ ಕೋರ್ಸಿನ ಮೇಷ್ಟ್ರು ಎಐಗೆ ಒಪ್ಪಿದ್ದಾರಾ ಅಂತ ಕೇಳಬೇಕು. ಅದನ್ನು ನೀವು ಬರೆದೇ ಇಲ್ಲ.

ಇನ್ನು ಕಷ್ಟದ ಮಾತು. ನಿಮ್ಮ ನಾಲ್ಕನೇ ಆಕರವನ್ನು ಹುಡುಕಿದೆ. ಪತ್ರಿಕೆ ಇದೆ, ಸಂಪುಟವೂ ಇದೆ, ಆದರೆ ಆ ಪುಟಗಳಲ್ಲಿ ಇರುವುದು ಬೇರೆ ಯಾರದೋ ಬೇರೆ ಲೇಖನ. ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತು, ಅಲ್ವಾ? ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುವ ಯಂತ್ರಕ್ಕೆ ನಿಜದಂತೆ ಕಾಣುವ ಹೆಸರು, ವರ್ಷ, ಪುಟಸಂಖ್ಯೆ ಜೋಡಿಸುವುದು ಬಹಳ ಸಲೀಸು. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡ ಕಥೆಯನ್ನು ನೀವೇ ಮೂರನೇ ಪುಟದಲ್ಲಿ ಹೇಳಿದ್ದೀರಿ!

ನಿಮ್ಮ ಬರಹವನ್ನು ನಾನು ಎಐ ಬರೆದದ್ದಾ ಅಂತ ಪತ್ತೆ ಮಾಡುವ ಯಾವ ಡಿಟೆಕ್ಟರಿಗೂ ಹಾಕಿಲ್ಲ. ಅವುಗಳ ಮೇಲೆ ನನಗೆ ನಂಬಿಕೆ ಇಲ್ಲ. ಓಪನ್‌ಎಐ ತನ್ನದೇ ಡಿಟೆಕ್ಟರನ್ನು, ಸರಿಯಾಗಿ ಪತ್ತೆ ಮಾಡುತ್ತಿಲ್ಲ ಅಂತ, 2023ರ ಜುಲೈನಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಸುಮ್ನೆ ಪತ್ರಿಕೆಯ ಪರಿವಿಡಿ ತೆರೆದು ನೋಡಿದೆ, ಹತ್ತು ನಿಮಿಷ ಸಾಕಾಯಿತು.

ಲೇಖನದಲ್ಲಿ ಜೀವ ಇರುವುದು ಒಂದೇ ಕಡೆ. ನಿಮ್ಮ ಗೆಳೆಯ ತನ್ನ ವಾದವನ್ನು ಎಐಗೆ ಕೊಟ್ಟು 'ಇದರಲ್ಲಿ ಎಲ್ಲಿ ತೂತಿದೆ ಹೇಳು' ಅಂತ ಕೇಳಿದ್ದು, ಬಂದ ಆರು ಆಕ್ಷೇಪಗಳಲ್ಲಿ ನಾಲ್ಕನ್ನು ಬಿಟ್ಟಿದ್ದು, ಯಾಕೆ ಬಿಟ್ಟೆ ಅಂತ ಮೇಷ್ಟ್ರಿಗೆ ಬರೆದುಕೊಟ್ಟಿದ್ದು. ಅದನ್ನು ನೀವು ಮೂರು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಅಲ್ಲಿಂದಲೇ ಶುರು ಮಾಡಿ. ಅವನು ಒಪ್ಪಿದರೆ ಆ ಟಿಪ್ಪಣಿಯನ್ನೇ ಇಡಿಯಾಗಿ ಹಾಕಿ, ಉಪದೇಶ ಅರ್ಧಕ್ಕಿಂತ ಜಾಸ್ತಿ ತಾನಾಗಿ ಉದುರಿಹೋಗುತ್ತದೆ.

ತಿದ್ದಿ ಕಳಿಸುವಾಗ ನೀವು ಎಐ ಎಲ್ಲೆಲ್ಲಿ ಬಳಸಿದಿರಿ ಅಂತ ಎರಡು ಸಾಲು ಸೇರಿಸಿ. ಬಳಸಿದ್ದಕ್ಕೆ ನನ್ನ ತಕರಾರಿಲ್ಲ. ಉಳಿದ ಐದು ಆಕರಗಳನ್ನು ಮಾತ್ರ ನೀವೇ ತೆರೆದು ಓದಿದ ಮೇಲೆ ಕಳಿಸಿ.