ಹದಿನಾಲ್ಕು ಮಂದಿ, ಮೂರು ದಿನ, ಒಂದೇ ಕಾಡು

ತಿಪಟೂರಿನ ಓದುಗರೊಬ್ಬರ ಪತ್ರ: “ಏಪ್ರಿಲ್ ರಜೆಯಲ್ಲಿ ನಾವು ಮೂವರು ಅಣ್ಣತಮ್ಮಂದಿರು ಹೆಂಡತಿ ಮಕ್ಕಳೊಂದಿಗೆ, ಅಪ್ಪ ಅಮ್ಮ ಮತ್ತು ಸೋದರತ್ತೆಯನ್ನೂ ಕರೆದುಕೊಂಡು ಕಾಡು ನೋಡಲು ಹೊರಟಿದ್ದೇವೆ. ಒಟ್ಟು 14 ಜನ. ಅಪ್ಪನಿಗೆ 76, ಸಕ್ಕರೆ ಕಾಯಿಲೆ. ಅಮ್ಮನಿಗೆ ಮಂಡಿನೋವು. ಎಲ್ಲರಿಗಿಂತ ಚಿಕ್ಕ ಮಗುವಿಗೆ 4 ವರ್ಷ. ರಾತ್ರಿ 9ಕ್ಕೆ ಹೊರಟು ಬೆಳಿಗ್ಗೆ ನಾಗರಹೊಳೆ, ಸಂಜೆ ಬಂಡೀಪುರ, ಮರುದಿನ ಮುದುಮಲೆ, ಊಟಿ, ಮೂರನೇ ದಿನ ವಯನಾಡು ನೋಡಿ ವಾಪಸ್. ಎರಡು ಕಾರು ಒಳ್ಳೆಯದೋ, ಒಂದು ಟಿಟಿಯೋ (ಟೆಂಪೋ ಟ್ರಾವೆಲರ್)? ಊಟಕ್ಕೆ ಏನು ಮಾಡಬೇಕು?”

ಸಂಪಾದಕರ ಉತ್ತರ:

ಮೂರು ತಲೆಮಾರು ಒಟ್ಟಿಗೆ ಹೊರಡುತ್ತಿರುವುದು ನಮಗೂ ಸಂತೋಷ. ಆದರೆ ಈ ಪಟ್ಟಿಯಲ್ಲಿ ಒಂದು ಕಾಡನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಬಿಟ್ಟುಬಿಡಿ. ಈ ಪ್ರವಾಸದಲ್ಲಿ ಕೊನೆಯ ಮಾತು ಎರಡು ಗಡಿಯಾರಗಳದ್ದು. ಕಾಡಿನ ಗೇಟು ತೆರೆದು ಮುಚ್ಚುವ ಹೊತ್ತು ಒಂದು, ನಿಮ್ಮ ತಂದೆಯವರು ಉಣ್ಣುವ, ಮಾತ್ರೆ ನುಂಗುವ ಹೊತ್ತು ಇನ್ನೊಂದು. ನಿಮ್ಮ ಯೋಜನೆ ಎರಡಕ್ಕೂ ಹೊಂದುವುದಿಲ್ಲ.

ಮೊದಲು ಗೇಟಿನ ವಿಚಾರ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿ 181, ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿ 766, ಎರಡೂ ಬಂಡೀಪುರದ ಒಳಗೇ ಹಾದುಹೋಗುತ್ತವೆ. 2009ರಿಂದ ಈ ಎರಡೂ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ಸುಗಳಿಗೆ ಮಾತ್ರ ವಿನಾಯಿತಿ. ನಾಗರಹೊಳೆಯೊಳಗಿನ ರಸ್ತೆಗಳು ಸಂಜೆ 6ಕ್ಕೇ ಮುಚ್ಚುತ್ತವೆ. ಹೆದ್ದಾರಿಯ ಗೇಟಿಗೆ 9 ಗಂಟೆ 10 ನಿಮಿಷಕ್ಕೆ ತಲುಪಿದರೆ ವಯಸ್ಸಾದವರನ್ನು ಕೂರಿಸಿಕೊಂಡು ಗುಂಡ್ಲುಪೇಟೆಗೆ ವಾಪಸ್ ಬಂದು ರೂಮು ಹುಡುಕಬೇಕಾಗುತ್ತದೆ. ಗೇಟಿನಲ್ಲಿರುವ ಸಿಬ್ಬಂದಿಯ ಜೊತೆ ವಾದಕ್ಕಿಳಿಯಬೇಡಿ. ರಾತ್ರಿ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳಿಗಾಗಿಯೇ ಆ ನಿಯಮ ಬಂದದ್ದು.

ನಕ್ಷೆಯಲ್ಲಿ ನಾಗರಹೊಳೆ, ಬಂಡೀಪುರ ಮೈಗೆ ಮೈ ತಾಗಿಸಿಕೊಂಡಿವೆ, ನಿಜ. ಆದರೆ ನಡುವೆ ಕಬಿನಿ ಹಿನ್ನೀರಿದೆ, ಕಾಡೊಳಗೆ ನಿಮಗೆ ಅಡ್ಡದಾರಿ ಇಲ್ಲ. ಒಂದರಿಂದ ಹೊರಬಂದು ಊರುಗಳನ್ನು ಸುತ್ತಿ ಇನ್ನೊಂದಕ್ಕೆ ಹೋಗಬೇಕು. ಜೊತೆಗೆ 14 ಜನ ಒಂದು ಸಲ ಇಳಿದು ಹತ್ತಲು 35–40 ನಿಮಿಷ ಬೇಕೇ ಬೇಕು. ಕಾಫಿ, ಶೌಚಾಲಯದ ಸಾಲು, ಮಗುವಿನ ಚಪ್ಪಲಿ ಎಲ್ಲ ಸೇರಿ ಅಷ್ಟಾಗುತ್ತದೆ. ದಿನಕ್ಕೆ ನಾಲ್ಕು ಸಲ ನಿಲ್ಲಿಸಿದರೆ ಎರಡೂವರೆ ಗಂಟೆ ಹೋಯಿತು. ಇದನ್ನು ಲೆಕ್ಕಕ್ಕೆ ಹಿಡಿಯದೆ ‘ಗೂಗಲ್ ಮೂರು ಗಂಟೆ ತೋರಿಸಿತ್ತು’ ಎಂದು ಹೊರಟವರೇ ಗೇಟಿನ ಮುಂದೆ ನಿಲ್ಲುವುದು.

ಯಾವ ಕಾಡು? ಬೇಸಿಗೆಯಲ್ಲಿ ಕಬಿನಿಯ ನೀರು ಇಳಿದು ಹುಲ್ಲು ಚಿಗುರುತ್ತದೆ, ಆನೆಗಳ ಹಿಂಡು ಅಲ್ಲಿ ಸೇರುತ್ತದೆ. ಕಣ್ಣಿಗೆ ಅದೇ ಹಬ್ಬ. ಅಲ್ಲಿ ನಾಗರಹೊಳೆ ಕಾಡಿಗೆ ದಮ್ಮನಕಟ್ಟೆಯಿಂದ ಸಫಾರಿಯೂ ಇದೆ. ಆದರೆ ಸುತ್ತಮುತ್ತಲ ವಸತಿ 14 ಜನಕ್ಕೆ ದುಬಾರಿ, ಮೈಸೂರಿನಲ್ಲಿ ಉಳಿದರೆ ಬೆಳಗಿನ ಸಫಾರಿಗೆ ನಾಲ್ಕು ಗಂಟೆಗೇ ಹೊರಡಬೇಕು. ನಿಮ್ಮ ಮನೆಯ ಹಿರಿಯರನ್ನು ನೆನೆದು ನಾವು ಬಂಡೀಪುರವನ್ನೇ ಹೇಳುತ್ತೇವೆ. ಗುಂಡ್ಲುಪೇಟೆಯಲ್ಲಿ ಸಾಧಾರಣ ದರದ ವಸತಿ, ಔಷಧಿ ಅಂಗಡಿ, ಡೀಸೆಲ್ ಎಲ್ಲವೂ ಕೈಗೆಟಕುತ್ತವೆ. ಏಪ್ರಿಲ್‌ನಲ್ಲಿ ಎಲೆ ಉದುರಿ ಕಾಡು ಬಯಲಾಗಿರುತ್ತದೆ, ನೀರಿನ ಗುಂಡಿಗಳ ಬಳಿ ಪ್ರಾಣಿ ಕಾಣುವ ಅವಕಾಶ ಹೆಚ್ಚು. ಸಫಾರಿ ಕೌಂಟರ್ ಈಗ ಮೇಲುಕಾಮನಹಳ್ಳಿಯಲ್ಲಿದೆ. ಹಳೆಯ ನೆನಪಿನಲ್ಲಿ ನೇರ ಬಂಡೀಪುರ ಕ್ಯಾಂಪಸ್‌ಗೆ ಹೋಗಿ ಹೊತ್ತು ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ. ಇನ್ನೊಂದು ಮಾತು: ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಹಾಗಾಗಿ ಅರಣ್ಯ ಇಲಾಖೆಯಿಂದ ಸಫಾರಿ ನಡೆಯುತ್ತಿದೆಯೇ, ಸಮಯ ಏನು ಎಂದು ತಿಳಿದುಕೊಂಡೇ ರೂಮಿಗೆ ಮುಂಗಡ ಕೊಡಿ.

ಜೀಪೋ ಬಸ್ಸೋ ಎಂಬ ಪ್ರಶ್ನೆ ಖಂಡಿತ ಏಳುತ್ತದೆ. ಜೀಪು ತಗ್ಗಿಗಿಳಿದಾಗ ಹಿಂದಿನ ಸೀಟಿನವರು ಒಂದು ಗೇಣು ಮೇಲೆ ಹಾರಿ ಕೂರುತ್ತಾರೆ. ನಿಮ್ಮ ತಾಯಿಯವರಿಗೆ ಅದು ಬೇಡ. ಧೂಳೂ ಹೆಚ್ಚು. ಹಿರಿಯರು, ಚಿಕ್ಕ ಮಗು, ಮಗುವಿನ ತಾಯಿ ಬಸ್ಸಿನಲ್ಲಿ ಮಧ್ಯದ ಸೀಟುಗಳಲ್ಲಿ ಕೂರಲಿ, ದೊಡ್ಡ ಮಕ್ಕಳು ಅಪ್ಪ, ಚಿಕ್ಕಪ್ಪಂದಿರ ಜೊತೆ ಜೀಪಿನಲ್ಲಿ ಹೋಗಲಿ. ಯಾರು ಯಾವುದರಲ್ಲಿ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ. ಕೌಂಟರಿನ ಮುಂದೆ ನಿಂತು ತೀರ್ಮಾನಿಸಹೊರಟರೆ ಯಾರಾದರೂ ಒಬ್ಬರು ಮುನಿಸಿಕೊಳ್ಳುತ್ತಾರೆ.

ವಾಹನ ಒಂದೇ ಇರಲಿ. ಎರಡು ಕಾರಾದರೆ 14 ಜನಕ್ಕೆ ಸಾಲುವುದೂ ಇಲ್ಲ, ನೆಟ್‌ವರ್ಕ್ ಇಲ್ಲದ ಕಡೆ ಒಬ್ಬರಿಗೊಬ್ಬರು ಸಿಗುವುದೂ ಇಲ್ಲ. 17 ಸೀಟಿನ ಟಿಟಿ ತೆಗೆದುಕೊಳ್ಳಿ. ಹಳದಿ ಬೋರ್ಡೇ ಆಗಿರಬೇಕು. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ, ಅಪಘಾತವಾದರೆ ವಿಮೆಯ ತಕರಾರು ನಿಮ್ಮ ತಲೆಗೇ ಬರುತ್ತದೆ. ಹಿಂದಿನ ಚಕ್ರದಿಂದಾಚೆಗಿನ ಸಾಲಿನಲ್ಲಿ ಕುಲುಕಾಟ ಜಾಸ್ತಿ, ಅಲ್ಲಿ ಹುಡುಗರು ಕೂರಲಿ. ವಾಂತಿಯಾಗುವವರು ಮುಂದೆ ಕೂತು ರಸ್ತೆಯನ್ನೇ ನೋಡಲಿ, ಮೊಬೈಲ್ ನೋಡುವುದು ಬೇಡ. ಟಿಟಿಯ ಮೊದಲ ಮೆಟ್ಟಿಲು ಮಂಡಿನೋವಿನವರಿಗೆ ಎತ್ತರ. ಬಚ್ಚಲಲ್ಲಿ ಬಳಸುವಂಥ ಗಿಡ್ಡ ಪ್ಲಾಸ್ಟಿಕ್ ಸ್ಟೂಲೊಂದನ್ನು ಬಾಗಿಲ ಪಕ್ಕದಲ್ಲೇ ಇಟ್ಟಿರಿ. ಅಮ್ಮ ಅದರ ಮೇಲೆ ಒಂದು ಕಾಲಿಟ್ಟು, ಹಿಡಿ ಹಿಡಿದು, ಯಾರ ಕೈಯನ್ನೂ ಕಾಯದೆ ಹತ್ತಬಹುದು. ಮೂರು ದಿನದಲ್ಲಿ ಇಪ್ಪತ್ತು ಸಲವಾದರೂ ಹತ್ತಿಳಿಯಬೇಕು, ಈ ಸ್ಟೂಲಿನ ಬೆಲೆ ಆಗ ಗೊತ್ತಾಗುತ್ತದೆ. ತಲೆಗೊಂದು ಸೂಟ್‌ಕೇಸ್ ಬೇಡ, ಸಂಸಾರಕ್ಕೆ ಒಂದು ಮೆತ್ತನೆಯ ಬ್ಯಾಗ್ ಸಾಕು.

ನೀವು 14 ಎಂದು ಬರೆದಿದ್ದೀರಿ, ಹದಿನೈದನೆಯವರು ಚಾಲಕರು. ಹಗಲೆಲ್ಲ ಬೇರೆ ಬಾಡಿಗೆ ಓಡಿಸಿದವರನ್ನು ರಾತ್ರಿ 9ಕ್ಕೆ ಹೊರಡಿಸಿದರೆ ನಸುಕಿನ ನಾಲ್ಕಕ್ಕೆ ಅವರ ಕಣ್ಣು ಎಳೆಯುತ್ತದೆ. ಬೆಳಿಗ್ಗೆ ಐದೂವರೆಗೆ ಹೊರಡಿ. ಅವರಿಗೆ ಊಟದ ಜೊತೆ ಮಲಗಲು ಹಾಸಿಗೆಯನ್ನೂ ಮೊದಲೇ ಗೊತ್ತುಮಾಡಿ.

ಈಗ ತಂದೆಯವರ ಮಾತ್ರೆ. ಬೆಳಗಿನ ಸಫಾರಿ ತಿಂಡಿಗೂ ಮೊದಲೇ ಇರುತ್ತದೆ. ಕೆಲವು ಸಕ್ಕರೆ ಮಾತ್ರೆಗಳನ್ನು ರೂಢಿಯಂತೆ ನುಂಗಿ, ತಿಂಡಿ ತಿನ್ನದೆ ಬಸ್ಸು ಹತ್ತಿದರೆ ಕಾಡಿನ ನಡುವೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ. ಆ ದಿನ ಮಾತ್ರೆ ಯಾವಾಗ ಎಂದು ವೈದ್ಯರನ್ನು ಈಗಲೇ ಕೇಳಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಇನ್ಸುಲಿನ್ ಇದ್ದರೆ ನಿಲ್ಲಿಸಿದ ಟಿಟಿಯೊಳಗೆ ಬಿಡಲೇಬೇಡಿ, ಏಪ್ರಿಲ್ ಬಿಸಿಗೆ ಕೆಡುತ್ತದೆ. ಮನೆಯಲ್ಲಿ ಯಾರಾದರೂ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಕೇಳಿ. ಸಫಾರಿಯ ನಡುವೆ ಇಳಿಯುವಂತಿಲ್ಲ. ಇದನ್ನು ಹೇಳಲು ನಾಚಿಕೊಂಡು ಅತ್ತೆಯಂಥವರು ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟುಬಿಡುತ್ತಾರೆ, ಆಮೇಲೆ ತಲೆಸುತ್ತು. ಹಾಗಾಗದಂತೆ ಸೊಸೆಯಂದಿರಲ್ಲಿ ಒಬ್ಬರು ಮೆಲ್ಲಗೆ ವಿಚಾರಿಸಿಕೊಳ್ಳಲಿ.

ಊಟಕ್ಕೆ ಮೊದಲ ದಿನದ ಬುತ್ತಿ ಮಾತ್ರ ಮನೆಯಿಂದ ಬರಲಿ. ಕಾಯಿಚಟ್ನಿ, ಕಾಯಿತುರಿ ಹಾಕಿದ ಪಲ್ಯ ಮಧ್ಯಾಹ್ನದೊಳಗೆ ಹಳಸುತ್ತವೆ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಕೋಡುಬಳೆ ನಿಲ್ಲುತ್ತವೆ. ಮೊಸರನ್ನವನ್ನು ಮೊಸರಿನಲ್ಲಿ ಕಲಸಬೇಡಿ. ಒಂದು ಕೆ.ಜಿ. ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಸೆದು, ಎರಡೂವರೆ ಲೀಟರ್ ಕಾಯಿಸಿದ ಹಾಲು ಹಾಕಿ. ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಎರಡು ಚಮಚ ಮೊಸರು, ಉಪ್ಪು, ಇಂಗಿನ ಒಗ್ಗರಣೆ. ಡಬ್ಬಿಯಲ್ಲಿ ಹೋಗುತ್ತ ಹೋಗುತ್ತ ತಾನೇ ಹೆಪ್ಪಾಗಿ, ಮಧ್ಯಾಹ್ನ ಒಂದು ಗಂಟೆಗೆ ತೆರೆದಾಗ ಹುಳಿಯಿಲ್ಲದೆ ಸಿಗುತ್ತದೆ. ಊಟವನ್ನು ಕಾಡಿನ ಗಡಿಗೆ ಮುಂಚೆಯೇ ಮುಗಿಸಿ. ಕಾಡೊಳಗೆ ಗಾಡಿ ನಿಲ್ಲಿಸುವುದು, ಕೋತಿಗೆ ಬಾಳೆಹಣ್ಣು ಎಸೆಯುವುದು ಬೇಡವೇ ಬೇಡ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಆಸನೂರು ರಸ್ತೆಯಲ್ಲಿ ಕಬ್ಬಿನ ಲಾರಿಗಳ ರುಚಿ ಹತ್ತಿದ ಆನೆಗಳು ರಸ್ತೆಗೇ ಬಂದು ಕಾಯುವಂತಾಗಿದೆ. ಅದಕ್ಕೆ ಕಾರಣ ನಾವು ಮನುಷ್ಯರೇ.

ಮೂರು ದಿನದ ನಡೆ ಹೀಗಿರಲಿ. ಮೊದಲ ದಿನ ಮೈಸೂರಿನಲ್ಲಿ ತಿಂಡಿ, ಗುಂಡ್ಲುಪೇಟೆ ಸೇರುವ ಮುನ್ನ ಬುತ್ತಿಯೂಟ, ಸಂಜೆಗೆ ಏನೂ ಇಟ್ಟುಕೊಳ್ಳಬೇಡಿ. ಎರಡನೇ ದಿನ ಬೆಳಗಿನ ಸಫಾರಿ, ತಿಂಡಿ, ಒಂದು ನಿದ್ದೆ, ಊಟವಾದ ಮೇಲೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅಲ್ಲಿ ಟಿಟಿಯನ್ನು ಬುಡದಲ್ಲೇ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಮೇಲೆ ಹೋಗಬೇಕು. ಹೊತ್ತು ಇಳಿಯುವ ಮುನ್ನವೇ ಪ್ರವೇಶ ನಿಲ್ಲಿಸುತ್ತಾರೆ, ಮಧ್ಯಾಹ್ನ ಎರಡು ಗಂಟೆಗೆ ಮೊದಲೇ ಬುಡದಲ್ಲಿರಿ. ಹಿರಿಯರಿಗೆ ಬಹುಶಃ ಸಫಾರಿಗಿಂತ ಇದೇ ಹೆಚ್ಚು ಹಿಡಿಸೀತು. ಮೂರನೇ ದಿನ ಹುಮ್ಮಸ್ಸಿದ್ದವರು ಇನ್ನೊಂದು ಸಫಾರಿಗೆ ಹೋಗಿ ಬರಲಿ, ಉಳಿದವರು ಮಲಗಲಿ. ಮಕ್ಕಳು ಊಟಿಗೆ ಹಟ ಹಿಡಿದರೆ ಅದನ್ನು ಬೇರೆಯೇ ಪ್ರವಾಸವಾಗಿ ಮಾಡಿ. 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು, ಬಾಡಿಗೆ ಗಾಡಿಗೆ ತಮಿಳುನಾಡಿನ ಪರ್ಮಿಟ್ಟೂ ಬೇಕು, ಪ್ಲಾಸ್ಟಿಕ್ ನೀರಿನ ಬಾಟಲಿ ತೆಗೆದುಕೊಂಡು ಹೋಗುವಂತಿಲ್ಲ.

ಹಣವನ್ನು ಒಬ್ಬರೇ ಹಿಡಿಯಲಿ, ಸಂಸಾರಕ್ಕೆ ಇಷ್ಟು ಎಂದು ಮೊದಲೇ ಕೂಡಿಸಿ, ದಿನವೂ ರಾತ್ರಿ ಲೆಕ್ಕ ಬರೆಯಿರಿ. ಕಾಡಂಚಿನಲ್ಲಿ ಫೋನ್‌ಪೇ ಕೈಕೊಡುತ್ತದೆ, ನಗದು ಇಟ್ಟುಕೊಳ್ಳಿ. ವಾಪಸ್ ಬರುವಾಗ ನಂಜನಗೂಡು ದಾರಿಯಲ್ಲೇ ಸಿಗುತ್ತದೆ. ಶ್ರೀಕಂಠೇಶ್ವರನ ದರ್ಶನ ಮಧ್ಯಾಹ್ನ ಒಂದಕ್ಕೆ ಮುಚ್ಚಿದರೆ ಮತ್ತೆ ನಾಲ್ಕಕ್ಕೆ, ಹನ್ನೊಂದೂವರೆಗೆಲ್ಲ ದೇವಸ್ಥಾನದ ಮುಂದೆ ಇಳಿಯುವಂತೆ ಗುಂಡ್ಲುಪೇಟೆ ಬಿಡಿ.