ಟೆಸ್ಟ್ ಫೇಲ್ ಆದಾಗ ಮಾತ್ರ ಜೆಂಕಿನ್ಸ್‌ನಲ್ಲಿ ರಿಪೋರ್ಟ್ ಕಾಣ್ತಿಲ್ಲ: ಪ್ರತಿಕ್ರಿಯೆ

ಜೆಂಕಿನ್ಸ್‌ನಲ್ಲಿ (ಕೋಡನ್ನ ತಾನಾಗೇ ಬಿಲ್ಡ್, ಟೆಸ್ಟ್ ಮಾಡೋ ಟೂಲ್) ಟೆಸ್ಟ್ ಪಾಸಾದಾಗ ರಿಪೋರ್ಟ್ ಬಂದು ಫೇಲಾದಾಗ ಮಾಯ ಆಗ್ತಿದೆ ಅಂತ ಕೇಳಿದ್ರಲ್ಲ, ಹಾಗಿದ್ರೆ ಎಕ್ಸ್‌ಎಂಎಲ್ ರಿಪೋರ್ಟ್ ಫೈಲೇ ತಪ್ಪಿರೋದು ಡೌಟು, ಬಹುಶಃ ಪೈಟೆಸ್ಟ್ (ಪೈಥಾನ್ ಟೆಸ್ಟ್ ಓಡಿಸೋ ಟೂಲ್) ಸೊನ್ನೆ ಅಲ್ಲದ ಎಕ್ಸಿಟ್ ಕೋಡ್, ಅಂದ್ರೆ ಫೇಲ್ ಅಂತ ಹೇಳೋ ನಂಬರ್, ಕೊಟ್ಟ ತಕ್ಷಣ ಸ್ಟೇಜ್ (ಬಿಲ್ಡಿನ ಆ ಹಂತ) ಅಲ್ಲೇ ನಿಂತು ಕೆಳಗಿರೋ, ರಿಪೋರ್ಟ್ ಓದಿ ತೋರಿಸೋ ಜೆಯುನಿಟ್ ಸ್ಟೆಪ್ ರನ್ನೇ ಆಗ್ತಿಲ್ಲ. ಮೊದ್ಲು ಆ ಸ್ಟೆಪ್ಪನ್ನ ಪೈಪ್‌ಲೈನ್‌ನ (ಬಿಲ್ಡ್ ಹಂತಗಳನ್ನ ಬರೆದಿರೋ ಸ್ಕ್ರಿಪ್ಟ್) ಪೋಸ್ಟ್ ಬ್ಲಾಕ್‌ನಲ್ಲಿ ಆಲ್ವೇಸ್ ಒಳಗಡೆ ಹಾಕಿ, ಆಗ ಟೆಸ್ಟ್ ಫೇಲಾದ್ರೂ ಅದು ಓಡುತ್ತೆ. ಎಕ್ಸಿಟ್ ಕೋಡನ್ನೇ ಸೊನ್ನೆ ಮಾಡೋ ಐಡಿಯಾ ಕೆಲವ್ರು ಕೊಡ್ತಾರೆ, ಅದು ಬೇಡ, ಪೈಟೆಸ್ಟೇ ಕ್ರ್ಯಾಶ್ ಆದ್ರೂ ಗೊತ್ತಾಗಲ್ಲ. ಆಮೇಲೆ ರಿಪೋರ್ಟ್ ಫೈಲಿನ ಪಾತ್ ವರ್ಕ್‌ಸ್ಪೇಸ್ (ಜೆಂಕಿನ್ಸ್ ಬಿಲ್ಡ್ ಓಡಿಸೋ ಫೋಲ್ಡರ್) ಒಳಗೇ ಇದ್ಯಾ ನೋಡಿ, ಡಾಕರಲ್ಲಿ (ಪ್ರೋಗ್ರಾಮನ್ನ ಕಂಟೇನರ್ ಅನ್ನೋ ಪ್ರತ್ಯೇಕ ಜಾಗದಲ್ಲಿ ಓಡಿಸೋ ಟೂಲ್) ಓಡಿಸ್ತಿದ್ರೆ ಆ ಫೋಲ್ಡರ್ ಕಂಟೇನರಿಗೆ ಮೌಂಟ್ ಆಗಿರ್ಬೇಕು, ಅಂದ್ರೆ ಹೊರಗಿಂದ ಜೋಡಿಸಿರ್ಬೇಕು, ಇಲ್ಲಾಂದ್ರೆ ಕಂಟೇನರ್ ಡಿಲೀಟ್ ಆದಾಗ ಫೈಲೂ ಹೋಗುತ್ತೆ. ಪ್ರತಿ ರನ್‌ಗೂ ಮುಂಚೆ ಹಳೇ ರಿಪೋರ್ಟ್ ಅಳಿಸಿ. ಇಷ್ಟಾದ್ಮೇಲೆ ಬೇಕಂತಲೇ ಒಂದು ಟೆಸ್ಟ್ ಫೇಲ್ ಮಾಡಿ ಬಿಲ್ಡ್ ಹೊಡೀರಿ, ಟೆಸ್ಟ್ ರಿಸಲ್ಟ್ ಪೇಜಲ್ಲಿ ಅದರ ಹೆಸರು ಬರ್ಬೇಕು.